ಗುಡುಗಿಗೆ ಕಿತ್ತ ಪ್ಲಗ್

ಹೊಸನಗರದ ಕಣ್ಣಿನ ಆಸ್ಪತ್ರೆಯ ಶಟರ್ ಇನ್ನೂ ಅರ್ಧ ಮಾತ್ರ ಮೇಲೇರಿದೆ. ಸಾಗರದಿಂದ ಮೊದಲ ಬಸ್ಸಿಗೆ ಬಂದಿಳಿದ ಕಾಂತರಾಜ್ ತಲೆ ತಗ್ಗಿಸಿ ಒಳಗೆ ನುಗ್ಗುತ್ತಾರೆ. ಲೈಟು ಹಾಕುವುದಕ್ಕೂ ಮೊದಲು ಕಬ್ಬಿಣದ ಕಪಾಟಿನ ಹಿಂದೆ ಕೈ ತೂರಿಸಿ ಒಂದು ಪ್ಲಗ್ಗನ್ನು ಒತ್ತಿ ನೋಡುತ್ತಾರೆ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಫೋಟೊಗಳ ನಕಲು ಕೂಡಿಡುವ ಬ್ಯಾಕಪ್ ಡಬ್ಬಿಯಿಂದ ಯಾರೋ ಒಬ್ಬ ರೋಗಿಯ ಹಳೆಯ ಕಣ್ಣಿನ ಫೋಟೊ ತೆಗೆದು ತೆರೆಯುತ್ತಾರೆ. ಕಿತ್ತಳೆ ಬಣ್ಣದ ದುಂಡನೆಯ ಚಿತ್ರ ಪರದೆ ತುಂಬ ಬಂದ ಮೇಲೆಯೇ ಅವರಿಗೆ ಚಹಾ.

"ತೆರೆದ್ರೆ ಮಾತ್ರ ಇದೆ ಅಂತ ಅರ್ಥ. ನಕಲು ಆಗಿದೆ ಅಂತ ಮೆಸೇಜ್ ಬಂದ್ರೂ ಈಗ ನಾನು ನಂಬಲ್ಲ" ಎನ್ನುತ್ತಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಒಂದೇ ಟ್ರಸ್ಟಿನ ಆಸ್ಪತ್ರೆಗಳು. ಅಲ್ಲಿನ ನಲವತ್ತು ಚಿಲ್ಲರೆ ಕಂಪ್ಯೂಟರು, ಪ್ರಿಂಟರು, ನೆಟ್‌ವರ್ಕಿನ ವೈರು, ಪಾಸ್‌ವರ್ಡು ಎಲ್ಲಕ್ಕೂ ಇವರೊಬ್ಬರೇ ದಿಕ್ಕು. ಹುದ್ದೆಯ ಹೆಸರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಅಷ್ಟುದ್ದ ಯಾರು ಕರೆಯುತ್ತಾರೆ? ಎಲ್ಲರ ಬಾಯಲ್ಲೂ ಕಂಪ್ಯೂಟರ್ ಕಾಂತಣ್ಣ. ಡಾಕ್ಟರು ಪಾಸ್‌ವರ್ಡ್ ಮರೆತರೂ ಅವರಿಗೇ ಫೋನು, ಆಯುಧಪೂಜೆಯ ಮರುದಿನ ಕೀಬೋರ್ಡಿನೊಳಗಿಂದ ಕುಂಕುಮ ಕೊಡವುವುದಕ್ಕೂ ಅವರೇ ಬೇಕು. ಎಲ್ಲ ಸುಸೂತ್ರ ನಡೆಯುತ್ತಿದ್ದರೆ ಮಾತ್ರ ಈ ಆಸಾಮಿ ಇದ್ದಾರೆಂಬುದೇ ಯಾರಿಗೂ ನೆನಪಾಗುವುದಿಲ್ಲ.

ಇಕ್ಕೇರಿಯ ಹುಲಿಯಪ್ಪನವರ ಮಗ ಇವರು. ಪಿಯುಸಿ ಮುಗಿಸಿ ಸಾಗರದ ಜೆರಾಕ್ಸ್ ಅಂಗಡಿ ಸೇರಿ, ಅಲ್ಲಿ ಕೆಟ್ಟು ಕೂತಿದ್ದ ಕಂಪ್ಯೂಟರನ್ನು ಬಿಚ್ಚಿ ಜೋಡಿಸುತ್ತ ಕಲಿತವರು. ಒಬ್ಬರ ಪಾಸ್‌ವರ್ಡಿನಲ್ಲಿ ಇನ್ನೊಬ್ಬರು ಕೆಲಸ ಮಾಡಬೇಡಿ, ಸಿಕ್ಕ ಪೆನ್‌ಡ್ರೈವ್ ಚುಚ್ಚಬೇಡಿ ಎಂದು ಸಿಬ್ಬಂದಿಗೆ ಹೇಳಿ ಹೇಳಿ ಅವರ ಗಂಟಲು ಒಣಗಿದೆ. ತಾನೇ ಒಂದು ಕೆಲಸ ಮರೆತೆ ಎಂಬ ಕೊರಗು ಅವರನ್ನು ಕಳೆದ ಅಕ್ಟೋಬರಿನಿಂದ ತಿನ್ನುತ್ತಿದೆ.

ಈ ಕಡೆ ಗುಡುಗಿದರೆ ಪ್ಲಗ್ ಕೀಳುತ್ತಾರೆ. ಟಿವಿಯದ್ದು, ಮೋಡೆಮ್ಮಿನದ್ದು, ಮಿಕ್ಸಿಯದ್ದು, ಯಾವುದನ್ನೂ ಬಿಡುವುದಿಲ್ಲ. ಯಾರೂ ಹೇಳಿಕೊಡಬೇಕಾಗಿಲ್ಲ, ಮಕ್ಕಳಿಗೂ ಗೊತ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ ಮೊದಲ ಗುಡುಗು ಕೇಳಿದಾಗ ಹೊಸನಗರದ ಕೌಂಟರಿನ ಸುಷ್ಮಾ ಓಡಿಹೋಗಿ ಎಲ್ಲವನ್ನೂ ಕಿತ್ತರು. ಮಳೆ ನಿಂತ ಮೇಲೆ ಎಲ್ಲವನ್ನೂ ಹಾಕಿದರು, ಕಪಾಟಿನ ಹಿಂದಿದ್ದ ಬ್ಯಾಕಪ್ ಡಬ್ಬಿಯದ್ದೊಂದನ್ನು ಬಿಟ್ಟು. ಅದು ಕೈಗೂ ಸಿಗುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಅದಿಲ್ಲದೆ ದಿನದ ಕೆಲಸವೇನೂ ನಿಲ್ಲಲಿಲ್ಲ.

ನಕಲು ಹೋಗದಿದ್ದರೆ ಕಾಂತರಾಜರ ಮೊಬೈಲಿಗೆ ಎಚ್ಚರಿಕೆ ಬರಬೇಕು. ಮೊದಲೆಲ್ಲ ಬರುತ್ತಲೂ ಇತ್ತು. ಆದರೆ ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಮೂರೂ ಊರಿನ ಎಲ್ಲ ಯಂತ್ರಗಳೂ ಒಟ್ಟಿಗೆ ದೂರು ಹೇಳುತ್ತವೆ. ಆ ಕಾಟ ತಾಳಲಾರದೆ ಅವರು ಅದರ ಹಿಂದಿನ ವರ್ಷವೇ ಎಚ್ಚರಿಕೆಯ ಬಾಯನ್ನೇ ಮುಚ್ಚಿಸಿದ್ದರು. ಅಕ್ಟೋಬರಿನ ಒಂದು ಭಾನುವಾರ, ಬೀಗ ಹಾಕಿದ ಆಸ್ಪತ್ರೆಯಲ್ಲಿ ಪ್ಲಗ್ ಕೀಳುವವರು ಯಾರೂ ಇಲ್ಲದಾಗ ಸಿಡಿಲು ವೈರಿನೊಳಗೆ ನುಗ್ಗಿ, ಫೋಟೊಗಳನ್ನೆಲ್ಲ ಇಟ್ಟಿದ್ದ ಸರ್ವರನ್ನು ಸುಟ್ಟಿತು. ಡಬ್ಬಿ ಮಾತ್ರ ಕ್ಷೇಮವಾಗಿತ್ತು. ಅದರೊಳಗೆ ಏಪ್ರಿಲ್‌ವರೆಗಿನ ಫೋಟೊಗಳಿದ್ದವು, ಆಮೇಲಿನದು ಒಂದೂ ಇರಲಿಲ್ಲ.

ಪ್ಲಗ್ ಕಿತ್ತವರು ಯಾರೆಂದು ಟ್ರಸ್ಟಿನ ಕಾರ್ಯದರ್ಶಿ ಹೇರಂಬ ಅವರು ಕೇಳಿದಾಗ ಸುಷ್ಮಾ ಕಣ್ಣೀರು ಹಾಕಿದರು. ಕಾಂತರಾಜ್ ನಡುವೆ ಬಂದರು. "ಕಿತ್ತಿದ್ದು ತಪ್ಪಲ್ಲ ಸಾರ್. ಹಾಕಿದಾರಾ ಅಂತ ನೋಡೋದು ನನ್ನ ಕೆಲಸ. ನಾನು ನೋಡ್ಲಿಲ್ಲ." ರೋಗಿಗಳಿಗೆ ಇದನ್ನೆಲ್ಲ ಹೇಳುತ್ತ ಕೂರುವುದು ಬೇಡ, ಮಿಷನ್ ಕೆಟ್ಟಿತ್ತು ಅಂದರೆ ಸಾಕು ಎಂದು ಕಾರ್ಯದರ್ಶಿಗಳು ತೀರ್ಮಾನಿಸಿದರು. ಕಾಂತರಾಜ್ ತಲೆಯಾಡಿಸಿ ಸುಮ್ಮನಾದರು.

ಸುಮ್ಮನಾಗಬಾರದಿತ್ತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಮೂಕಮ್ಮ ಕಳೆದ ವರ್ಷ ಮೇ ತಿಂಗಳಲ್ಲಿ ಇಲ್ಲಿ ಮೊದಲ ಸಲ ಕಣ್ಣು ತೋರಿಸಿದ್ದರು. ಕಣ್ಣಿನ ನರ ಸವೆಯುತ್ತಿರಬಹುದೆಂಬ ಅನುಮಾನ ಡಾಕ್ಟರಿಗಿತ್ತು. ಇಂಥ ಕಾಯಿಲೆಯಲ್ಲಿ ಒಂದು ಫೋಟೊ ನೋಡಿ ಏನೂ ಹೇಳಲಾಗದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ಸವೆತ ತಿಳಿಯುತ್ತದೆ. ನವೆಂಬರಿನಲ್ಲಿ ಆಕೆ ಮತ್ತೆ ಬಂದಾಗ ಪಕ್ಕದಲ್ಲಿಡಲು ಹಳೆಯದೇ ಇರಲಿಲ್ಲ. ಹೊಸದೊಂದು ಫೋಟೊ ತೆಗೆದು, ಅವತ್ತು ಮಿಷನ್ ಕೆಟ್ಟಿತ್ತು, ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದರು.

ಇವತ್ತು ಆಕೆ ಬಂದಿದ್ದಾರೆ. ಡಾಕ್ಟರ್ ಪ್ರತಿಮಾ ನವೆಂಬರಿನ ಫೋಟೊವನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡುತ್ತಾರೆ. ಎಡಗಣ್ಣಿನ ನರ ಸವೆದಿದೆ. ಇವತ್ತಿನಿಂದ ಡ್ರಾಪ್ಸ್ ಹಾಕಬೇಕು, ಇರುವ ದೃಷ್ಟಿ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಮೆಲ್ಲಗೆ ಹೇಳುತ್ತಾರೆ. ಮೇ ತಿಂಗಳ ಆ ಹಳೆಯ ಫೋಟೊ ಇದ್ದಿದ್ದರೆ ಬಹುಶಃ ನವೆಂಬರಿನಲ್ಲೇ ಶುರು ಮಾಡುತ್ತಿದ್ದೆ ಎಂಬುದನ್ನು ಅವರು ಹೇಳುವುದು ಆಮೇಲೆ, ಹೊರಗೆ ನಿಂತ ಕಾಂತರಾಜರಿಗೆ.

ಮೂಕಮ್ಮ ಬೆಂಚಿನ ಮೇಲೆ ಕೂತಿದ್ದಾರೆ. "ಅಕ್ಕಿ ಆರಿಸೋವಾಗ ಎಡಗಡೆ ಕಲ್ಲು ಕಾಣ್ತಿರ್ಲಿಲ್ಲ. ವಯಸ್ಸಾತು ಅಂದ್ಕಂಡಿದ್ದೆ" ಎಂದು ಪಕ್ಕದವರಿಗೆ ಹೇಳುತ್ತಿದ್ದಾರೆ. ಕಾಂತರಾಜ್ ಆಕೆಯ ಎದುರು ಕುಕ್ಕರುಗಾಲಲ್ಲಿ ಕೂರುತ್ತಾರೆ.

"ಅಮ್ಮಾ, ಅವತ್ತು ಮಿಷನ್ ಕೆಟ್ಟಿದ್ದಲ್ಲ. ನಿಮ್ಮ ಫೋಟೊ ಜೋಪಾನ ಮಾಡೋದು ನನ್ನ ಕೆಲಸ ಆಗಿತ್ತು. ನಾನು ಕಳೆದೆ."

ಆಕೆ ಬೈಯುತ್ತಾರೆಂದು ಕಾಂತರಾಜ್ ಕಾಯುತ್ತಾರೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೂಕಮ್ಮ ಅವರ ಮುಖವನ್ನೇ ನೋಡುತ್ತಾರೆ.

"ಕಳೀತದೆ ತಮಾ, ಮನುಷ್ರ ಕೈ. ಆವಾಗ್ಲೇ ಹೇಳಿದ್ರೆ ನಾ ಶಿವಮೊಗ್ಗಕ್ಕಾದ್ರೂ ಹೋಗಿ ತೋರ್ಸ್ಕಂಡು ಬರ್ತಿದ್ನಲ್ಲ."

ಆಕೆ ಬಸ್ಸಿಗೆ ಹೊರಟುಹೋಗುತ್ತಾರೆ. ಕಾಂತರಾಜ್ ಅಲ್ಲೇ ಕೂತಿರುತ್ತಾರೆ. ಇಷ್ಟು ದಿನ ಕಳೆದುಹೋದ ಫೋಟೊಗಳಿಗಾಗಿ ಕೊರಗಿದವರಿಗೆ, ತಾನು ಬಾಯಿ ಮುಚ್ಚಿಕೊಂಡಿದ್ದ ಆರು ತಿಂಗಳು ಇವತ್ತಷ್ಟೇ ಕಾಣಿಸಿದೆ. ಮೂಕಮ್ಮನಂತೆ ಆ ಬೇಸಗೆ, ಆ ಮಳೆಗಾಲದಲ್ಲಿ ಬಂದುಹೋದವರು ಇನ್ನೂ ಎಷ್ಟೋ ಜನ ಇದ್ದಾರೆ. ಅವರ ಹೆಸರು, ಫೋನ್ ನಂಬರು ಸಾಗರದ ಕಂಪ್ಯೂಟರಿನಲ್ಲಿ ಭದ್ರವಾಗಿವೆ.

ಅವರು ಎದ್ದು ಕೌಂಟರಿಗೆ ಹೋಗಿ ಆ ಪಟ್ಟಿ ತೆರೆಯುತ್ತಾರೆ. ಹೇರಂಬ ಸಾರ್‌ಗೆ ಗೊತ್ತಾದರೆ ಏನಾದೀತೆಂದು ಸುಷ್ಮಾ ಪಿಸುಗುಟ್ಟುತ್ತಾರೆ. "ಆಮೇಲೆ ಅವ್ರಿಗೂ ಮಾಡ್ತೀನಿ" ಎಂದು ಕಾಂತರಾಜ್ ಫೋನು ಎತ್ತಿಕೊಳ್ಳುತ್ತಾರೆ. ಆ ಕಡೆ ಯಾರೋ ಹಲೋ ಎನ್ನುತ್ತಾರೆ.

"ನಮಸ್ಕಾರ, ಕಣ್ಣಿನ ಆಸ್ಪತ್ರೆಯಿಂದ ಕಾಂತರಾಜ್ ಅಂತ. ನಿಮಗೆ ಹೋದ ವರ್ಷವೇ ಹೇಳಬೇಕಾಗಿದ್ದ ಮಾತು ಒಂದಿದೆ."