ಪೇಪರ್ ಮಿಲ್ಲಿನ ಗೇಟಿನ ಮುಂದೆ

ಎದುರು ಮನೆಯ ಆಂಟಿಯ ಎರಡೂ ಮೊಣಕಾಲುಗಳು ಜಡ್ಡುಗಟ್ಟಿದ್ದವು. ಚರ್ಮ ದಪ್ಪವಾಗಿ, ಕಪ್ಪಾಗಿ, ಮುಟ್ಟಿದರೆ ಹಳೆಯ ಚಪ್ಪಲಿಯ ಅಟ್ಟೆಯ ಹಾಗಿತ್ತು. ಒಮ್ಮೆ ಅವರು ಚರ್ಚಿನ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ ಗಾಯ ತೊಳೆಯಲು ನಾನೇ ಸೀರೆ ಸರಿಸಿದ್ದೆ. "ಇದೇನು ಆಂಟಿ, ಹಿಂಗಾಗಿದೆ?" ಎಂದು ಕೇಳಿದೆ. "ದೇವರ ಹತ್ರ ಮೊಣಕಾಲೂರಿ ಹಟ ಹಿಡಿದದ್ದಕ್ಕೆ ಗುರುತು ಮಾರಾಯ್ತಿ. ನೋವಿಲ್ಲ, ನೀನು ಗಟ್ಟಿ ಉಜ್ಜು" ಎಂದರು.

ವಾಲ್ನಟ್ ಕ್ರೀಕ್ ಕಡೆಯಿಂದ ಗುಡ್ಡ ದಾಟಿ ಇಳಿದರೆ ನದಿಯ ದಂಡೆಯಲ್ಲಿ ನಮ್ಮ ಊರು. ಒಂದು ಕಾಲದಲ್ಲಿ ಅಲ್ಲಿ ದೊಡ್ಡ ಪೇಪರ್ ಮಿಲ್ಲು ಇತ್ತಂತೆ. ಅದರ ವಾಸನೆ ಊರಿಡೀ ಹರಡುತ್ತಿತ್ತು ಎಂದು ಹಳಬರು ಈಗಲೂ ಮೂಗು ಮುಚ್ಚಿ ತೋರಿಸುತ್ತಾರೆ. ಆದರೆ ಹಾಗೆ ತೋರಿಸುವಾಗ ಅವರ ಮುಖದಲ್ಲಿ ಅಸಹ್ಯ ಇರುವುದಿಲ್ಲ. ಮಿಲ್ಲು ಮುಚ್ಚಿತು. ಯುವಕರು ಊರು ಬಿಟ್ಟರು, ಅಂಗಡಿಗಳಿಗೆ ಹಲಗೆ ಹೊಡೆದರು, ಚರ್ಚುಗಳು ಒಂದೊಂದಾಗಿ ಖಾಲಿಯಾದವು. ಮನೆಗಳು ಅಗ್ಗವಾದವು. ಅಗ್ಗ ಎಂಬ ಕಾರಣಕ್ಕೇ ನಾವು ಸನ್ನಿವೇಲ್‌ನ ಬಾಡಿಗೆ ಅಪಾರ್ಟ್‌ಮೆಂಟು ಬಿಟ್ಟು ಇಲ್ಲಿ ಮನೆ ಕೊಂಡೆವು. ಈ ಪರದೇಶದಲ್ಲಿ ಎದುರು ಮನೆಯಲ್ಲೇ ಕನ್ನಡ ಮಾತಾಡುವವರೊಬ್ಬರು ಇರುತ್ತಾರೆಂದು ಯಾರು ಎಣಿಸಿದ್ದರು?

ಆಂಟಿ ಮಂಗಳೂರಿನವರು, ಪ್ರೊಟೆಸ್ಟೆಂಟ್ ಕ್ರೈಸ್ತರು, ಮದುವೆಯಾಗಿರಲಿಲ್ಲ. ಅವರ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಕಾರ್ಖಾನೆಯ ಹೆಂಚು ಸುಡುವ ಗೂಡು ಆರಿದ ಮೇಲೆ ಅದರ ಸುತ್ತಲಿದ್ದ ಕ್ರೈಸ್ತ ಸಭೆಯೂ ಚದುರಿ, ಕ್ರಿಸ್‌ಮಸ್ಸಿಗೆ ಮಾತ್ರ ಜನ ಸೇರುವಂತಾಯಿತಂತೆ. ಆಂಟಿ ನರ್ಸ್ ಆಗಿ ಈ ಊರಿನ ಆಸ್ಪತ್ರೆಗೆ ಬಂದಾಗ ಮಿಲ್ಲು ಇನ್ನೂ ನಡೆಯುತ್ತಿತ್ತು. "ಅದು ಮುಚ್ಚಿದ ದಿನ ನಂಗೆ ಗೊತ್ತಾಯ್ತು ಮುಂದೆ ಎಂತ ಆಗ್ತದೆ ಅಂತ. ಒಮ್ಮೆ ನೋಡಿದ್ದೆ ಅಲ್ವಾ" ಎನ್ನುತ್ತಿದ್ದರು. ಅಂದಿನಿಂದ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಮಿಲ್ಲಿನ ತುಕ್ಕು ಹಿಡಿದ ಗೇಟಿನ ಮುಂದೆ ನಿಂತು ಊರಿಗಾಗಿ ಪ್ರಾರ್ಥಿಸುವುದು ಅವರ ವ್ರತವಾಯಿತು. ಅವರು ಕೇಳುತ್ತಿದ್ದುದು ಒಂದೇ, ಉಜ್ಜೀವನ. ಆರಿಹೋದ ಭಕ್ತಿ ಮತ್ತೆ ಹೊತ್ತಿಕೊಳ್ಳಬೇಕು, ಖಾಲಿ ಬೆಂಚುಗಳು ತುಂಬಬೇಕು.

ಮನೆ ಕೊಂಡ ಮರುವರ್ಷ ನನ್ನ ಗಂಡ ಆಫೀಸಿನಲ್ಲಿ ಮೀಟಿಂಗಿನ ನಡುವೆಯೇ ಕುಸಿದು ತೀರಿಕೊಂಡರು. ಸನ್ನಿವೇಲ್‌ನ ಸ್ನೇಹಿತರು ಡಬ್ಬಿಗಳಲ್ಲಿ ಊಟ ತಂದರು, ಅತ್ತರು, ಕ್ರಮೇಣ ಬರುವುದು ಕಡಿಮೆಯಾಯಿತು. ನನಗೆ ಮಾತ್ರ ಅಳು ಬರಲಿಲ್ಲ. ದುಃಖವೂ ಇಲ್ಲ, ಕೋಪವೂ ಇಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ನಾನು ಇಡಿಯಾಗಿ ಹಾಗಿದ್ದೆ. ಮಗಳು ಮೂರು ಹೊತ್ತೂ ಹಾಲಿಗೆ ಸೀರಿಯಲ್ ಹಾಕಿಕೊಂಡು ತಿನ್ನುತ್ತಿದ್ದಳು. ಒಂದು ಮಧ್ಯಾಹ್ನ ಆಂಟಿ ಕುಚ್ಚಲಕ್ಕಿ ಗಂಜಿಯ ಪಾತ್ರೆ ಹಿಡಿದು ನೇರ ಅಡುಗೆಮನೆಗೆ ಬಂದರು. ಮಗಳಿಗೆ ಬಡಿಸಿದರು. ಆಮೇಲೆ ನನ್ನ ಎದುರು ಕುಳಿತರು.

"ಅಳು ಬರ್ಲಿಲ್ವಾ?"

"ಇಲ್ಲ ಆಂಟಿ. ಏನೂ ಬರ್ತಿಲ್ಲ."

"ಬಾರದಿದ್ರೆ ಬೇಡ. ನಂಗೀಗ ಕಣ್ಣು ಮಂಜು, ಕಾರು ಓಡಿಸ್ಲಿಕ್ಕೆ ಆಗುದಿಲ್ಲ. ಭಾನುವಾರ ನೀನು ನನ್ನ ಕರ್ಕೊಂಡು ಹೋಗು."

"ನಾನು ಹಿಂದೂ ಆಂಟಿ, ಹಾಸನದವಳು. ನನಗೆ ಈಗ ಯಾವ ದೇವರೂ ಬೇಡ."

"ನಾನು ಎಂತ ನಿನ್ನ ದೇವರನ್ನು ಕೇಳಿದೆನಾ? ಡ್ರೈವರನ್ನು ಕೇಳಿದ್ದು."

ಹೀಗೆ ನಾನು ಅವರ ಡ್ರೈವರ್ ಆದೆ. ಆರಾಧನೆಯ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಮಗಳೊಂದಿಗೆ ಕೂರುತ್ತಿದ್ದೆ. ಆ ದೊಡ್ಡ ಚರ್ಚಿನಲ್ಲಿ ಉಳಿದಿದ್ದವರು ಬೆರಳೆಣಿಕೆಯಷ್ಟು ಮುದುಕರು. ಆಮೇಲೆ ಗೇಟಿನ ಬಳಿ ಕಾರು ನಿಲ್ಲಿಸುತ್ತಿದ್ದೆ. ಅಲ್ಲಿ ಆಂಟಿ ಕನ್ನಡದಲ್ಲೇ ಪ್ರಾರ್ಥಿಸುತ್ತಿದ್ದರು. ಅದರಲ್ಲಿ ದೊಡ್ಡ ಮಾತುಗಳು ಇರುತ್ತಿರಲಿಲ್ಲ. ಮೂಲೆ ಮನೆಯವನ ಕುಡಿತ, ಪೆಟ್ರೋಲ್ ಬಂಕಿನ ಹುಡುಗಿಯ ಬಸಿರು, ಯಾರದೋ ಜೈಲಿನಲ್ಲಿದ್ದ ಮಗ, ಎಲ್ಲರ ಸುದ್ದಿಯನ್ನೂ ಮನೆಯ ಹಿರಿಯರಿಗೆ ವರದಿ ಒಪ್ಪಿಸುವಂತೆ ಒಪ್ಪಿಸುತ್ತಿದ್ದರು. ಕೊನೆಗೆ ಯೇಸು ಕಲಿಸಿದ ಪ್ರಾರ್ಥನೆಯನ್ನು ಹೇಳಿ ಮುಗಿಸುತ್ತಿದ್ದರು. ನಾನು ಕಾರಿಗೆ ಒರಗಿ ಕೇಳುತ್ತಿದ್ದೆ. ಕೇಳಿದ್ದು ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ಆದರೆ ಆ ಅರ್ಧ ಗಂಟೆ ಕನ್ನಡ ಕಿವಿಗೆ ಬೀಳುತ್ತಿತ್ತು.

ಗೇಟಿನ ಎದುರಿನ ಮನೆಯಲ್ಲಿ ಮಿಲ್ಲಿನ ಹಳೆಯ ಫೋರ್‌ಮನ್ ಒಬ್ಬನಿದ್ದ. ಒಂದು ದಿನ ಅವನು ಬಾಗಿಲು ದಡಾರನೆ ತೆಗೆದು ರಸ್ತೆಗೆ ಬಂದ. "ಅಮ್ಮಾ, ನಿಮ್ಮ ದೇವರು ಮಿಲ್ಲಿನ ಮಾಲೀಕರ ಜೊತೆಗೇ ಊರು ಬಿಟ್ಟು ಹೋದ. ಈ ಖಾಲಿ ಶೆಡ್ಡಿಗೆ ಯಾಕೆ ಕೈಮುಗಿಯುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೂಗಾಡಿದ. ಆಂಟಿ ಸಿಟ್ಟಾಗಲಿಲ್ಲ. "ಹೋಗಿರಬಹುದು. ವಾಪಸು ಬಾ ಅಂತಲೇ ಕರೆಯುತ್ತಿದ್ದೇನೆ. ನಿಮಗೆ ತೊಂದರೆಯಾದರೆ ಮೆಲ್ಲಗೆ ಕರೆಯುತ್ತೇನೆ" ಎಂದು ಅವನ ಭಾಷೆಯಲ್ಲೇ ಹೇಳಿದರು. ಅವನು ಏನೋ ಗೊಣಗಿ ಒಳಗೆ ಹೋದ. ಮುಂದಿನ ಭಾನುವಾರ ನಾವು ಹೋದಾಗ ಗೇಟಿನ ಪಕ್ಕದ ನೆರಳಿನಲ್ಲಿ ಒಂದು ಮಡಚುವ ಕುರ್ಚಿ ಹಾಕಿತ್ತು. ಅವನು ಹೊರಗೆ ಬರಲಿಲ್ಲ. ಆಂಟಿ ಅವನ ಕಿಟಕಿಯತ್ತ ಕೈ ಬೀಸಿ ಕುರ್ಚಿಯಲ್ಲಿ ಕೂತರು.

ಆ ವರ್ಷ ಚರ್ಚಿಗೆ ಒಂದು ಕೋರಿಕೆ ಬಂತು. ಊರಿನ ಬಟ್ಟೆ ಒಗೆಯುವ ಅಂಗಡಿಯ ಹಿಂಭಾಗದಲ್ಲಿ ಸ್ಪ್ಯಾನಿಷ್ ಮಾತಾಡುವ ಕ್ರೈಸ್ತರ ಒಂದು ಸಭೆ ಸೇರುತ್ತಿತ್ತು. ಅದರ ಪಾಸ್ಟರ್ ವಾರವಿಡೀ ಮನೆಗಳ ಛಾವಣಿ ರಿಪೇರಿ ಮಾಡುವವನು. ಜಾಗ ಸಾಲದೆ ಜನ ಹೊರಗೆ ನಿಲ್ಲುತ್ತಿದ್ದಾರೆ, ಭಾನುವಾರ ಮಧ್ಯಾಹ್ನ ನಿಮ್ಮ ಚರ್ಚನ್ನು ಬಳಸಲು ಬಿಡುತ್ತೀರಾ ಎಂದು ಅವನು ಟೋಪಿ ಕೈಯಲ್ಲಿ ಹಿಡಿದು ಕೇಳಿದ. ಚರ್ಚಿನ ಹಿರಿಯರೆಲ್ಲ ಆಂಟಿಯ ಮುಖ ನೋಡಿದರು. ಆಂಟಿ ಆಗುವುದಿಲ್ಲ ಎಂದುಬಿಟ್ಟರು. ಡ್ರಮ್ಮು ಬಾರಿಸುತ್ತಾರೆ, ಮಕ್ಕಳು ಬೆಂಚಿನ ಮೇಲೆ ಓಡುತ್ತಾರೆ, ಮಿಲ್ಲಿನವರು ತಮ್ಮ ಕೈಯಾರೆ ಕಟ್ಟಿದ ಚರ್ಚು ಇದು, ಅವರ ಮಕ್ಕಳು ಮರಳಿ ಬಂದಾಗ ಅವರಿಗೆ ಇರಬೇಕು. ಆಂಟಿಯ ಮಾತೇ ನಡೆಯಿತು. ಪಾಸ್ಟರ್ ಎಲ್ಲರಿಗೂ ನಮಸ್ಕರಿಸಿ ಹೊರಟುಹೋದ.

ಮನೆಗೆ ಬರುವ ದಾರಿಯಲ್ಲಿ ನಾನು ರಸ್ತೆ ನೋಡುತ್ತಲೇ ಹೇಳಿದೆ: "ಆಂಟಿ, ಜನ ಬರಲಿ ಅಂತ ಕೇಳ್ತಿದ್ರಿ. ಬಂದ್ರಲ್ಲ."

ವಾದ ಮಾಡುವ ಉತ್ಸಾಹ ನನ್ನಲ್ಲಿ ಇರಲಿಲ್ಲ. ಕಂಡದ್ದನ್ನು ಹೇಳಿದೆ, ಅಷ್ಟೆ. ಆಂಟಿ ಇಳಿದು ಕಾರಿನ ಬಾಗಿಲನ್ನು ಜೋರಾಗಿ ಹಾಕಿದರು. ಆ ವಾರವೆಲ್ಲ ನನ್ನೊಡನೆ ಮಾತಿಲ್ಲ, ಗಂಜಿಯೂ ಇಲ್ಲ. ಭಾನುವಾರ ಗೇಟಿನ ಬಳಿ ಕುರ್ಚಿಯಲ್ಲಿ ಕೂತವರು ಪ್ರಾರ್ಥನೆ ಶುರು ಮಾಡಲಿಲ್ಲ. ನನ್ನನ್ನು ಹತ್ತಿರ ಕರೆದರು.

"ನಾನು ಇಷ್ಟು ವರ್ಷ ಬಾಗಿಲು ಹಾಕ್ಕೊಂಡು ಒಳಗೆ ಕೂತು, ಯಾರೂ ಬರುದಿಲ್ಲ ಅಂತ ಅತ್ತದ್ದು ಮಾರಾಯ್ತಿ. ಆ ಬಟ್ಟೆ ಒಗೆಯುವ ಅಂಗಡಿ ಎಲ್ಲಿ ಉಂಟು? ಈಗಲೇ ಹೋಗುವ."

ಹೋದೆವು. ಒಗೆಯುವ ಮೆಷಿನ್ನುಗಳ ಸದ್ದಿನ ನಡುವೆ, ಅಷ್ಟೂ ಜನರ ಎದುರು, ಆಂಟಿ ಆ ಪಾಸ್ಟರನ ಕೈ ಹಿಡಿದು ಕ್ಷಮೆ ಕೇಳಿದರು. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೂ ತಿಳಿಯಿತು.

ಮುಂದಿನ ತಿಂಗಳಿಂದ ಮಧ್ಯಾಹ್ನಗಳಲ್ಲಿ ಚರ್ಚು ತುಂಬಿತು. ಆಂಟಿ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಅರ್ಥವಾಗುತ್ತದಾ ಎಂದು ಕೇಳಿದರೆ, "ಒಂದು ಶಬ್ದವೂ ಇಲ್ಲ. ಗಲಾಟೆ ಮಾತ್ರ ಭಯಂಕರ. ಆದ್ರೆ ಸ್ಮಶಾನದಲ್ಲಿ ಗಲಾಟೆ ಇರುದಿಲ್ಲ, ಅಲ್ವಾ?" ಎಂದು ನಗುತ್ತಿದ್ದರು. ಅವರು ಕೇಳಿಕೊಂಡಿದ್ದ ಉಜ್ಜೀವನ ಇದೇ ಹೌದೋ ಅಲ್ಲವೋ ನನಗೆ ತಿಳಿಯದು. ಮಿಲ್ಲಿನವರ ಮಕ್ಕಳು ಮರಳಲಿಲ್ಲ. ಫೋರ್‌ಮನ್ ಒಂದೆರಡು ಸಲ ಬಂದು ಬಾಗಿಲ ಬಳಿ ನಿಂತು ಹೋದ, ಅಷ್ಟೆ.

ಈ ಚಳಿಗಾಲದಲ್ಲಿ ಆಂಟಿಗೆ ನ್ಯುಮೋನಿಯಾ ಆಯಿತು. ತಾವು ದುಡಿದ ಆಸ್ಪತ್ರೆಯಲ್ಲೇ ಮಲಗಿದರು. ಕೊನೆಯ ಮಧ್ಯಾಹ್ನ ಆಕ್ಸಿಜನ್ ಮಾಸ್ಕು ಸರಿಸಿ ನನ್ನ ಕಡೆ ತಿರುಗಿದರು.

"ನೀನು ಅಳ್ಲಿಲ್ಲ ಅಂತ ಬೇಜಾರು ಮಾಡ್ಬೇಡ, ಆಯ್ತಾ? ನಿನ್ನ ಪಾಲಿಂದು ನಾನು ಅತ್ತಾಗಿದೆ."

ನಾನು ಮಾಸ್ಕನ್ನು ಮತ್ತೆ ಸರಿಯಾಗಿ ಇಟ್ಟೆ. ಮರುದಿನ ಬೆಳಿಗ್ಗೆ ಅವರು ಹೋದರು.

ಶವಸಂಸ್ಕಾರಕ್ಕೆ ಚರ್ಚು ಕಿಕ್ಕಿರಿದಿತ್ತು. ಇಂಗ್ಲಿಷಿನಲ್ಲಿ ಓದಿದರು, ಸ್ಪ್ಯಾನಿಷಿನಲ್ಲಿ ಹಾಡಿದರು. ನಡುವೆ ಪಾಸ್ಟರ್ ನನ್ನ ಬೆಂಚಿನ ಬಳಿ ಬಂದು ಬಗ್ಗಿ, ಯೇಸು ಕಲಿಸಿದ ಪ್ರಾರ್ಥನೆಯನ್ನು ಆಂಟಿಯ ಭಾಷೆಯಲ್ಲಿ ಯಾರಾದರೂ ಹೇಳಬಹುದೇ ಎಂದು ಕೇಳಿದ. ಅವರ ಭಾಷೆಯವರು ಅಲ್ಲಿ ನಾನು ಮತ್ತು ನನ್ನ ಮಗಳು ಇಬ್ಬರೇ. ನನಗೆ ಬಾರದು ಎನ್ನಲು ಹೊರಟೆ. ಆದರೆ ಎದ್ದು ನಿಂತಾಗ ಮೊದಲ ಸಾಲು ತಾನಾಗಿ ಬಾಯಿಗೆ ಬಂತು, ಅದರ ಹಿಂದೆಯೇ ಉಳಿದದ್ದು. ಯಾವಾಗ ಕಲಿತೆನೋ ಗೊತ್ತಿಲ್ಲ. ಕಾರಿಗೆ ಒರಗಿ ಕೇಳಿದ್ದು ಎಲ್ಲೂ ಹೋಗಿರಲಿಲ್ಲ. ಒಂದು ಕಡೆ ತಪ್ಪಿದೆ, ತಿದ್ದಿಕೊಂಡೆ, ಕೊನೆ ಮುಟ್ಟಿಸಿದೆ. ಗೊತ್ತಿಲ್ಲದ ಆ ಭಾಷೆಗೆ ಇಡೀ ಚರ್ಚು ಆಮೆನ್ ಎಂದಿತು.

ಕೂತೆ. ಆಗಲೂ ಅಳು ಬರಲಿಲ್ಲ. ಮಗಳು ನನ್ನ ತೋಳು ಮುಟ್ಟಿ ಪಿಸುಗುಟ್ಟಿದಳು: "ಅಮ್ಮಾ, ಯುವರ್ ಹ್ಯಾಂಡ್ಸ್ ಆರ್ ಶೇಕಿಂಗ್."

ನೋಡಿಕೊಂಡೆ. ಹೌದು, ಕೈಗಳು ನಡುಗುತ್ತಿದ್ದವು. ನಾನು ಅವುಗಳನ್ನು ತಡೆಯಲು ಹೋಗಲಿಲ್ಲ. ಮಡಿಲಲ್ಲಿಟ್ಟುಕೊಂಡು, ನಡುಗಲು ಬಿಟ್ಟೆ.