ಇಬ್ಬರಿಗೆ ಹಂಚಬಾರದ ಸ್ವರ

ಪಾಶ್ಚಾತ್ಯ ಸಂಗೀತದಲ್ಲಿ ನಾಲ್ಕು ದನಿಗಳು ಒಟ್ಟಿಗೆ ಬೇರೆ ಬೇರೆ ಸ್ವರ ಹಾಡುವ ಹಾರ್ಮನಿಯ ಬರವಣಿಗೆಯನ್ನು ಕಲಿಸುವವರು ಹಲವರಿದ್ದಾರೆ. ಬರೆದದ್ದನ್ನು ಬರೆದವರಿಂದಲೇ ಹಾಡಿಸಿ ತಿದ್ದಿದವರು, ನಾನು ಕಂಡಂತೆ, ನಮ್ಮ ಗುರುಗಳೊಬ್ಬರೇ. ಸಂಗೀತ ಕಾಲೇಜಿನ ಮೇಲುಮಹಡಿಯಲ್ಲಿ, ಕಿಟಕಿ ಸರಿಯಾಗಿ ಮುಚ್ಚದ ಒಂದು ಕೋಣೆಯಲ್ಲಿ ಅವರ ಸೇವಾವಧಿಯೆಲ್ಲ ಕಳೆಯಿತು. ಸದಾ ಏಳನೆಯ ಸ್ವರದ ಮಾತೇ ಆದ್ದರಿಂದ ವಿದ್ಯಾರ್ಥಿಗಳಿಗೆ ಅವರು ‘ಏಳನೇ ಸರ್’. ಅದು ಅವರಿಗೂ ಗೊತ್ತಿತ್ತು.

ಅವರ ಸೇವೆಯ ನಡುಗಾಲದಲ್ಲಿ ನಾನು ಶಿಷ್ಯೆಯಾದೆ. ಮಗಳು ಹುಟ್ಟುವ ಹೊತ್ತಿಗೆ ಹಾರ್ಮನಿ ಪರೀಕ್ಷೆಯಲ್ಲಿ ಎರಡು ಬಾರಿ ನಪಾಸಾಗಿದ್ದೆ. ಉಳಿದದ್ದು ಕೊನೆಯ ಅವಕಾಶ. ಅದೂ ಕೈತಪ್ಪಿದರೆ ಸಂಗೀತ ಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕೂಸನ್ನು ನೋಡಿಕೊಳ್ಳುವವರಿಲ್ಲ ಎಂದಾಗ ಗುರುಗಳು, “ಕರ್ಕೊಂಡು ಬಾಮ್ಮ, ಅಳೋದಾದ್ರೆ ಶ್ರುತೀಲಿ ಅಳ್ಲಿ,” ಎಂದರು.

ನನ್ನನ್ನು ಕೆಡವುತ್ತಿದ್ದುದು ಏಳನೆಯ ಸ್ವರದ ಮೇಲೆ ಕಟ್ಟುವ ಡಿಮಿನಿಶ್ಡ್ ಕಾರ್ಡ್ ಎಂಬ ಸ್ವರಗುಚ್ಛ. ಅದರಲ್ಲಿರುವುದು ಮೂರೇ ಸ್ವರ, ಹಾಡುವ ದನಿ ನಾಲ್ಕು. ಒಂದು ಸ್ವರವನ್ನು ಇಬ್ಬರಿಗೆ ಹಂಚಲೇಬೇಕು. ನಾನು ಪ್ರತಿ ಬಾರಿಯೂ ಏಳನೆಯದನ್ನೇ ಹಂಚುತ್ತಿದ್ದೆ. ಗುರುಗಳು ಕೆಂಪು ಗೆರೆ ಎಳೆಯಲಿಲ್ಲ. ಮೇಲಿನ ದನಿಯನ್ನು ಜೊತೆಗೆ ಓದುತ್ತಿದ್ದ ಗೆಳತಿಗೆ, ಅದರ ಕೆಳಗಿನದನ್ನು ನನಗೆ, ಮೂರನೆಯದನ್ನು ಪಕ್ಕದ ಕೋಣೆಯ ಪಿಯಾನೊ ಮೇಷ್ಟ್ರಿಗೆ ವಹಿಸಿ, ತಾವು ಎಲ್ಲಕ್ಕಿಂತ ಕೆಳಗಿನ ದನಿಯಾದ ಬಾಸ್ ಹಿಡಿದರು. ಮುಂದಿನ ಕಾರ್ಡಿಗೆ ದಾಟುವಾಗ ಗೆಳತಿಯೂ ನಾನೂ ಜೊತೆಯಾಗಿ ಷಡ್ಜಕ್ಕೆ ಏರಿದೆವು. ನನ್ನ ದನಿ ಅವಳದರಲ್ಲಿ ಕರಗಿಹೋಯಿತು.

“ಎಲ್ಲಿ ಹೋದ್ಯಮ್ಮ?” ಎಂದರು ಗುರುಗಳು.

“ಇಲ್ಲೇ ಇದೀನಿ ಸರ್.”

“ಕೇಳಿಸ್ಲೇ ಇಲ್ವಲ್ಲ! ಆ ಸ್ವರಕ್ಕೆ ಮೇಲೆ ಹತ್ತೋ ಆತುರ. ಇಬ್ಬರಿಗೆ ಕೊಟ್ರೆ ಇಬ್ಬರೂ ಒಂದೇ ಬಾಗಿಲಿಗೆ ನುಗ್ತಾರೆ.”

“ನಮ್ಮನೇಲಿ ಬೆಳಿಗ್ಗೆ ಬಚ್ಚಲಿಗೆ ನುಗ್ಗೋ ಹಾಗೆ,” ಎಂದರು ಪಿಯಾನೊ ಮೇಷ್ಟ್ರು.

ಬಾಸ್‌ನಲ್ಲಿದ್ದ ಎರಡನೆಯ ಸ್ವರವನ್ನೇ ಗುರುಗಳು ನನಗೂ ಬರೆಸಿದರು. ಈ ಸಲ ಅವರು ಕೆಳಗಿಳಿದರು, ನಾನು ಮೇಲೇರಿದೆ, ಗೆಳತಿಯೊಬ್ಬಳೇ ಮೇಲಿನ ಷಡ್ಜ ಮುಟ್ಟಿದಳು. ನನ್ನ ದನಿ ನನಗೇ ಕೇಳಿಸಿತು. ಪರೀಕ್ಷೆಯ ತನಕ ಸಂಜೆಗಳಲ್ಲಿ ಹೀಗೇ ಹಾಡಿಸಿದರು. ಮಗು ಅತ್ತರೆ ತಾವೇ ಎತ್ತಿಕೊಂಡು, ಬೆನ್ನು ತಟ್ಟುತ್ತಲೇ ಬಾಸ್ ಮುಂದುವರಿಸುತ್ತಿದ್ದರು. ನಾನು ಪಾಸಾದೆ. ನನ್ನ ನಂತರವೂ ಎಷ್ಟೋ ಮಂದಿ ಹೀಗೆ ದಾಟಿದ್ದಾರೆ.

ಒಲೆಯ ಮೇಲೆ ಹಾಲಿಟ್ಟು ಈ ಬರಹವನ್ನು ಮುಗಿಸುತ್ತಿದ್ದೇನೆ. ನಿವೃತ್ತರಾಗುತ್ತಿರುವ ಗುರುಗಳ ತರಗತಿಯನ್ನು ಸೋಮವಾರದಿಂದ ನಾನು ತೆಗೆದುಕೊಳ್ಳಬೇಕು. ಅಂದು ಹಿಂದಿನ ಬೆಂಚಿನಲ್ಲಿ ಕೂರಲು ಅವರು ಒಪ್ಪಿದ್ದಾರೆ. ನಾನು ತಪ್ಪಿದರೆ ಎಲ್ಲರೆದುರೇ ತಿದ್ದುವುದಾಗಿಯೂ ತಿಳಿಸಿದ್ದಾರೆ. ಅವರ ಆಯುಸ್ಸು, ಆರೋಗ್ಯ ಗಟ್ಟಿಯಾಗಿರಲಿ; ಆ ಬೆಂಚು ಬಹುಕಾಲ ಖಾಲಿಯಾಗದಿರಲಿ.