ಬಚ್ಚಲೊಲೆಯಿಂದ ಪಾರಾದ ಗಜಲಕ್ಷ್ಮಿ

ಗುಬ್ಬಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಿಟಕಿ ಮುಚ್ಚಿಕೊಂಡು ಮಂಗಳಗೌರಿ ಉಸಿರು ಬಿಗಿಹಿಡಿದು ಕೂತಿದ್ದಾರೆ. ಕೈಯಲ್ಲೊಂದು ತೆಂಗಿನ ಕರಟ, ಅದರ ಮೇಲೆ ಮೈಸೂರು ಶೈಲಿಯ ಗಜಲಕ್ಷ್ಮಿಯ ಚಿತ್ರ. ಉಬ್ಬಿಸಿದ ಒಡವೆಗಳಿಗೆ ಚಿನ್ನದ ರೇಕು ಕೂರಿಸುವ ಹೊತ್ತು. ಸ್ವಲ್ಪ ಗಾಳಿಯಾಡಿದರೂ ರೇಕು ಹಾರಿಹೋಗುತ್ತದೆ. ಬಾಗಿಲಾಚೆ ಅತ್ತೆ ಸಿದ್ದಲಕ್ಷ್ಮಮ್ಮ ಒಂದೊಂದೇ ಕರಟ ಮೂಸಿ, ಕೆಲವನ್ನು ಬುಟ್ಟಿಗೂ ಕೆಲವನ್ನು ಬಚ್ಚಲೊಲೆಗೂ ಹಾಕುತ್ತಿದ್ದಾರೆ.

ತುಮಕೂರಿನ ಬಟವಾಡಿಯಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯ ಶಾಂತಲಾ ಟೀಚರ್ ಕಲಿಸಿದ ವಿದ್ಯೆ ಇದು. ಹಲಗೆ ಬಿಟ್ಟು ಕರಟ ಹಿಡಿದದ್ದು ಮಾತ್ರ ಮಂಗಳಗೌರಿಯವರದೇ ತಲೆ. "ಹಲಗೆ ಹುಡುಕ್ಕೊಂಡ್ ಹೋಗ್ಬೇಕು. ಕರಟ ನಮ್ಮೂರಲ್ಲಿ ಕಾಲಿಗ್ ಎಡವ್ತದೆ" ಎನ್ನುತ್ತಾರೆ.

ಅತ್ತೆಗೆ ಮೊದಲೆಲ್ಲ ಇದು ಹುಚ್ಚಾಟ. "ನೀರ್ ಕಾಯ್ಸೋ ಕರಟಕ್ಕೆ ಚಿನ್ನ ಮೆತ್ತವ್ಳೆ" ಎಂದು ಬೀದಿಯೆಲ್ಲ ಸಾರಿ ಬಂದವರು. ಬರಬರುತ್ತಾ ಕರಗಿದರು. ಕರಗಿದ್ದೇ ಎಡವಟ್ಟಾಯಿತು ನೋಡಿ! ಹೋದ ಗೌರಿ ಹಬ್ಬದಲ್ಲಿ ಹೋಳಿಗೆಗೆಂದು ತುರಿದ ಹಸಿಕಾಯಿಯ ಕರಟಗಳನ್ನು ತೊಳೆದು ಒಣಗಿಸಿ, ಸೊಸೆಗೆ ಅನುಕೂಲವಾಗಲೆಂದು ಕೊಬ್ಬರಿ ಕರಟದ ಬುಟ್ಟಿಗೇ ಬೆರೆಸಿಟ್ಟರು. ಕೊಬ್ಬರಿಯ ಕರಟ ಚೆನ್ನಾಗಿ ಒಣಗಿರುತ್ತದೆ. ಹಸಿಕಾಯಿಯದು ಕಮಟು ವಾಸನೆ ಹೊಡೆದು ನಿಧಾನಕ್ಕೆ ಜಿಡ್ಡು ಬಿಡುತ್ತದೆ. ತುಮಕೂರಿನ ಗುಲಾಮ್ ನಬಿಯವರ ಫ್ರೇಮ್ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಗಜಲಕ್ಷ್ಮಿಯರ ಚಿನ್ನ ಈರುಳ್ಳಿ ಸಿಪ್ಪೆಯಂತೆ ಎದ್ದಿತು.

"ಇನ್ನೊಂದ್ಸಲ ಹಿಂಗಾದ್ರೆ ನಾನ್ ಇಡಕ್ಕಾಗಲ್ಲಮ್ಮ. ಒಂದ್ ತಿಂಗ್ಳು ಮನೇಲೇ ಇಟ್ಟು ನೋಡಿ, ಆಮೇಲ್ ತನ್ನಿ" ಎಂದರು ನಬಿ. ಇವರ ಕರಟ ಇಟ್ಟುಕೊಳ್ಳುವುದು ಅದೊಂದೇ ಅಂಗಡಿ. ಅದೂ ತಪ್ಪಿದರೆ ಕುಂಚ ಮೂಲೆ ಸೇರಿದಂತೆಯೇ.

ಮಂಗಳಗೌರಿ ಚಿನ್ನ ಎದ್ದ ಕರಟಗಳನ್ನೆಲ್ಲ ಮನೆಗೆ ತಂದರು. ಕೆಟ್ಟವನ್ನು ಒಲೆಗೆ ಹಾಕಲು ಹೋದಾಗ ಅತ್ತೆಯೇ ಅಡ್ಡ ನಿಂತರು. "ದೇವ್ರು ಮೂಡಿದ್ ಮ್ಯಾಲೆ ಸುಡಾಕಾಯ್ತದಾ? ತಪ್ಪು ನಂದು ಕಣವ್ವ, ಒಲೆಗಾಕೋದಾದ್ರೆ ನನ್ನೇ ಹಾಕು!" ಅತ್ತೆ ಸೊಸೆ ಇಬ್ಬರೂ ಅತ್ತರು, ಆಮೇಲೆ ನಕ್ಕರು. ಆ ಗಜಲಕ್ಷ್ಮಿಯರು ಈಗ ದೇವರ ಗೂಡಿನಲ್ಲಿದ್ದಾರೆ. ಮೂಸುವ ಕೆಲಸ ಅಂದಿನಿಂದ ಅತ್ತೆಯದು.

ಚಿನ್ನ ಕೂರಿಸಿ ತಿಂಗಳು ಕಳೆದಿದೆ. ಹಳೇ ಸೀರೆಯಲ್ಲಿ ಸುತ್ತಿದ ಹೊಸ ಕರಟಗಳೊಂದಿಗೆ ಇಬ್ಬರೂ ಬಸ್ಸು ಹತ್ತುತ್ತಾರೆ. ಅಂಗಡಿಯಲ್ಲಿ ನಬಿ ಹೆಬ್ಬೆರಳಿಂದ ಮೆಲ್ಲಗೆ ಉಜ್ಜುತ್ತಾರೆ. ಮಂಗಳಗೌರಿ ಮತ್ತೆ ಉಸಿರು ಬಿಗಿಹಿಡಿಯುತ್ತಾರೆ. ಚಿನ್ನ ಅಲ್ಲಾಡುವುದಿಲ್ಲ. ನಬಿ ಒಂದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಗಾಜಿನ ಕಪಾಟಿನಲ್ಲೇ ಇಡುತ್ತಾರೆ.

ಫ್ರೇಮು ಹಾಕಿಸಲು ಬಂದ ಹೆಂಗಸೊಬ್ಬರು ಅದನ್ನೇ ನೋಡಿ, "ಮೈಸೂರಿಂದಾ?" ಎಂದು ಕೇಳುತ್ತಾರೆ. ಮಂಗಳಗೌರಿ ನಾಚಿ ತಲೆ ತಗ್ಗಿಸುತ್ತಾರೆ. ಸಿದ್ದಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬರುತ್ತಾರೆ.

"ಗುಬ್ಬೀದು ಕಣವ್ವ. ಬರ್ದಿದ್ದು ನನ್ ಸೊಸೆ. ಕರಟ ಮೂಸಿದ್ದು ನಾನು."